ನಾಲ್ಕನೇ ಮಂಚದ ಅಳಿಯ

ಸ್ಮಿತಾಳ ಮದುವೆಯ ಆಲ್ಬಮ್ಮಿನಲ್ಲಿ ವರನ ಮುಖವನ್ನು, ವರನನ್ನು ಕೇಳದೆ, ಬೆಳ್ಳಗೆ ಮಾಡಿ ಅಚ್ಚು ಹಾಕಲಾಯಿತು.

ಮಾಡಿದವನು ಹಾಸನದ ಒಂದು ಸ್ಟುಡಿಯೋದವನು. ಮಾಡಿಸಿದವರು ವರನ ಅತ್ತೆ ದೇವೀರಮ್ಮ. "ನಮ್ಮ ಅಳಿಯಂದಿರನ್ನ ಒಂಚೂರು ತಿಳಿ ಮಾಡಪ್ಪ" ಎಂದು ಆಕೆ ಹೇಳಿದ್ದು ಒಂಚೂರೇ. ಆದರೆ ಸ್ಟುಡಿಯೋದವನು ಕಸುಬಿನಲ್ಲಿ ಜಿಪುಣನಲ್ಲ. ಧಾರೆಯ ಫೋಟೋದಲ್ಲಿ ಯತಿರಾಜ ಕೆನೆಹಾಲಿನ ಬಣ್ಣ. ಅಕ್ಷತೆಯ ಫೋಟೋದಲ್ಲಿ ಖೋವಾ. ಊಟದ ಪಂಕ್ತಿಗೆ ಬರುವ ಹೊತ್ತಿಗೆ ಅವನ ಮುಖವೂ ಎಲೆಯ ಮೇಲಿನ ಅನ್ನವೂ ಒಂದೇ. ಕೈಗಳನ್ನು ಮಾತ್ರ ಪುಣ್ಯಾತ್ಮ ಮರೆತುಬಿಟ್ಟಿದ್ದ. ಹೀಗಾಗಿ ತಾಳಿ ಕಟ್ಟುವ ಚಿತ್ರದಲ್ಲಿ, ಯಾರೋ ಒಬ್ಬ ಕಪ್ಪು ಮನುಷ್ಯ ಹಿಂದೆ ಅಡಗಿ ಕೂತು, ಬಿಳಿ ಯತಿರಾಜನ ಪರವಾಗಿ ಮದುವೆ ಮಾಡಿಕೊಳ್ಳುತ್ತಿರುವಂತೆ ಕಾಣುತ್ತಿತ್ತು.

ಹುರಿಯುವವನು ಒಲೆಯ ಮುಂದೆ ಸ್ವಲ್ಪ ಮೈಮರೆತರೆ ಕಾಫಿಬೀಜಕ್ಕೆ ಬರುವ ಬಣ್ಣವೇನುಂಟೋ, ಯತಿರಾಜನದು ಆ ಬಣ್ಣ. ಆಲ್ಬಮ್ ನೋಡಿ ಅವನು "ಚೆನ್ನಾಗಿದೆ" ಎಂದ. ಯಾರು ಏನು ತೋರಿಸಿದರೂ ಹಾಗೆನ್ನುವ ಮನುಷ್ಯ ಅವನು. ಹಾಸನದ ಬಸ್‌ಸ್ಟ್ಯಾಂಡಿನ ಹತ್ತಿರ ಮಿಕ್ಸಿ, ಫ್ಯಾನು ಮಾರುವ ಅಂಗಡಿಯಲ್ಲಿದ್ದಾಗ, ಸ್ವಂತ ಕೈಯಿಂದ ಜಾರು ಒಡೆದುಕೊಂಡು ಬಂದ ಗಿರಾಕಿ "ಇದು ನಿಮ್ಮ ಕಂಪನಿ ತಪ್ಪು" ಎಂದರೆ "ಹೌದು ಸಾರ್, ನಮ್ದೇ" ಎಂದು ಒಪ್ಪಿ ಮಾಲೀಕನಿಂದ ಬೈಸಿಕೊಂಡವನು. ಇಲ್ಲ ಎಂಬ ಪದ ಅವನ ಬಾಯಿಗೆ ಬರುವ ದಾರಿಯಲ್ಲಿ ಎಲ್ಲೋ ಒಂದು ಸೇತುವೆ ಕುಸಿದುಬಿದ್ದಿತ್ತು.

ಸ್ಮಿತಾಳಿಗೆ ಜರ್ಮನಿಯ ಬೊಬ್ಲಿಂಗೆನ್ನಿನಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಅವಳ ವೀಸಾದ ಬಾಲ ಹಿಡಿದು ಯತಿರಾಜನೂ ಬಂದ. ವರ್ಷವಿಡೀ ಅನ್ನ ಸಾರು ಮಾಡಿದ, ಮೆಟ್ಟಿಲು ಗುಡಿಸಿದ, ಜರ್ಮನ್ ಕ್ಲಾಸಿಗೆ ಹೋದ. ಆ ಭಾಷೆಯಲ್ಲಿ ಅವನಿಗೆ ಮನಸಾರೆ ಒಗ್ಗಿದ್ದು ಒಂದೇ ಪದ: ಗೆನಾವ್. ಎಂದರೆ, ಹೌದೌದು, ಬಹಳ ಸರಿಯಾಗಿ ಹೇಳಿದಿರಿ. ಇಂಥದೊಂದು ಪದವಿರುವ ದೇಶದಲ್ಲಿ ತಾನು ಉಪವಾಸ ಸಾಯುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಅದು ನಿಜವೂ ಆಯಿತು. ಸ್ಟೇಷನ್ನಿನ ಎದುರಿನ ಬೀದಿಯ "ಸೋನೆನ್‌ಪೆರ್ಲೆ" ಎಂಬ ಅಂಗಡಿಯ ಮಾಲೀಕಿ ಫ್ರೌ ಕೆಸ್ಲರ್ (ನಮ್ಮ ಶ್ರೀಮತಿ ಅಲ್ಲಿ ಫ್ರೌ, ನಮ್ಮ ಶ್ರೀ ಅಲ್ಲಿ ಹೆರ್) ಇಂಟರ್‌ವ್ಯೂನಲ್ಲಿ ಕೇಳಿದ್ದಕ್ಕೆಲ್ಲ ಅವನು ಗೆನಾವ್ ಎಂದ. ಇಂಥ ವಿನಯದ ಸೇಲ್ಸ್‌ಮನ್ ಜರ್ಮನಿಯಲ್ಲೇ ಇಲ್ಲ ಎಂದು ಆಕೆ ತೆಗೆದುಕೊಂಡಳು. ಆರು ತಿಂಗಳ ಪ್ರೊಬೇಷನ್, ಆಮೇಲೆ ಕಾಯಂ.

ಅಂಗಡಿಯಲ್ಲಿ ಮಾರುತ್ತಿದ್ದುದು ಬಿಸಿಲು. ನಾಲ್ಕು ಗಾಜಿನ ಮಂಚ, ಅವುಗಳೊಳಗೆ ನೀಲಿ ಟ್ಯೂಬ್‌ಲೈಟುಗಳು. ಗಿರಾಕಿ ಬಟ್ಟೆ ಬಿಚ್ಚಿ ಮಲಗಬೇಕು, ಮುಚ್ಚಳ ಎಳೆದುಕೊಳ್ಳಬೇಕು, ಎರಡೂ ಕಡೆ ಬೇಯಬೇಕು, ಕಂದುಬಣ್ಣಕ್ಕೆ ತಿರುಗಿ ನಗುತ್ತ ಎದ್ದು ಬರಬೇಕು. ಅದೂ ದುಡ್ಡು ಕೊಟ್ಟು! ನಮ್ಮ ಕಡೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕೈ ಒರೆಸಿಕೊಂಡು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಎದ್ದು ಹೋಗುವುದು ಯಾವ ಬಣ್ಣಕ್ಕೋ, ಆ ಬಣ್ಣಕ್ಕೆ ಇಲ್ಲಿ ಮಳೆಯಲ್ಲಿ ನಿಂತು ಕ್ಯೂ. ಭೂಮಿ ದುಂಡಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಯತಿರಾಜನಿಗೆ ಕೆಲಸ ಕೈಹಿಡಿಯಿತು. ಯಾವ ಚರ್ಮಕ್ಕೆ ಎಷ್ಟು ಹೊತ್ತು ಎಂಬ ತರಬೇತಿ ಪಾಸು ಮಾಡಿದ. ಹದಿನೆಂಟು ತುಂಬದವರನ್ನು ನಯವಾಗಿ ವಾಪಸು ಕಳಿಸಿದ. ಕೆಂಪು ಕೂದಲಿನವರಿಗೆ "ನಿಮಗೆ ಇದು ಬೇಡ, ಸುಟ್ಟುಹೋಗ್ತೀರಿ, ಒಂದು ಕಾಫಿ ಕುಡೀರಿ" ಎನ್ನುತ್ತಿದ್ದ. ಲೋಷನ್ನು, ಕಣ್ಣಿಗೆ ಹಾಕುವ ಪುಟ್ಟ ಕಪ್ಪು ಕನ್ನಡಕ, ಹತ್ತು ಸಲದ ಕಾರ್ಡು, ಎಲ್ಲವನ್ನೂ ಮಿಕ್ಸಿ ಮಾರಿದ ಪ್ರೀತಿಯಲ್ಲೇ ಮಾರಿದ. ಮುದುಕಿಯರು ಒಳಗಿನಿಂದ ಬಂದು "ಹೇಗೆ ಕಾಣ್ತಿದೀನಿ?" ಎಂದು ಕೇಳಿದರೆ, "ತುಂಬಾ ಚೆನ್ನಾಗಿ ಕಪ್ಪಾಗಿದ್ದೀರಿ" ಎನ್ನುತ್ತಿದ್ದ. ಹಾಸನದಲ್ಲಿ ಕಪಾಳಮೋಕ್ಷ ಆಗುವ ಮಾತಿಗೆ ಬೊಬ್ಲಿಂಗೆನ್ನಿನಲ್ಲಿ ಚಾಕೊಲೇಟ್ ಸಿಗುತ್ತಿತ್ತು.

ಎಲ್ಲ ಕೆಟ್ಟದ್ದು ಒಂದು ಕಾಫಿ ಬ್ರೇಕಿನಲ್ಲಿ. ಅಕ್ಟೋಬರ್ ಬಂದಿತ್ತು, ಆಕಾಶ ನೆನೆದ ಗೋಣಿಚೀಲದಂತಿತ್ತು. ಫ್ರೌ ಕೆಸ್ಲರ್‌ಗೆ ಇಂಡಿಯನ್ ಮದುವೆ ನೋಡುವ ಆಸೆಯಾಯಿತು. ಯತಿರಾಜ ಮೊಬೈಲಿನಲ್ಲಿ ಆಲ್ಬಮ್ ತೆಗೆದು ಕೊಟ್ಟ.

"ಇದು ಯಾರು?"

"ನಾನು."

ಫ್ರೌ ಕೆಸ್ಲರ್ ಮೊಬೈಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ ಅವನನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಇಷ್ಟು ಬೆಳ್ಳಗಿದ್ರಾ ನೀವು?"

ಉತ್ತರ ಕೊಡಬೇಕಾದರೆ ಸ್ಟುಡಿಯೋ, ಅತ್ತೆ, ಒಂಚೂರು ತಿಳಿ ಮಾಡುವುದು, ಇಷ್ಟನ್ನೂ ಜರ್ಮನ್‌ನಲ್ಲಿ ಹೇಳಬೇಕು. ಕ್ಲಾಸಿನಲ್ಲಿ ಅಲ್ಲಿಯವರೆಗೆ ಪಾಠ ಆಗಿರಲಿಲ್ಲ.

"ಗೆನಾವ್" ಎಂದ.

"ಈಗ ಹೀಗೆ! ದಿನಾ ನೀವು ನಾಲ್ಕನೇ ಮಂಚದ ಹತ್ತಿರಾನೇ ಇರ್ತೀರಲ್ವಾ?"

ದಿನಾ ಬೆಳಿಗ್ಗೆ ಆ ಮಂಚವನ್ನು ಔಷಧಿ ಹಾಕಿ ಒರೆಸುವುದು ಅವನೇ. "ಗೆನಾವ್."

"ಈ ಫೋಟೋ ನಾನು ತಗೋಬಹುದಾ?"

"ಗೆನಾವ್, ಗೆನಾವ್."

ಫ್ರೌ ಕೆಸ್ಲರ್ ನಿಜವಾಗಿ ನಂಬಿದಳೋ, ನಂಬುವುದು ಲಾಭವೆಂದು ತೀರ್ಮಾನಿಸಿದಳೋ ಹೇಳುವುದು ಕಷ್ಟ. ವ್ಯಾಪಾರಸ್ಥರ ಎದೆಯಲ್ಲಿ ಇವೆರಡರ ನಡುವೆ ಗೋಡೆ ಕಟ್ಟಿರುವುದಿಲ್ಲ. ಸೋಮವಾರ ಯತಿರಾಜ ಕೆಲಸಕ್ಕೆ ಬಂದಾಗ ಅಂಗಡಿಯ ಗಾಜಿನ ಮೇಲೆ ಅವನೇ ಇಬ್ಬರಾಗಿ ನಿಂತಿದ್ದ. ಎಡಕ್ಕೆ, ಬಾಸಿಂಗ ಕಟ್ಟಿ, ಎದೆಯ ಹತ್ತಿರ ತೆಂಗಿನಕಾಯಿ ಹಿಡಿದ ಖೋವಾ ಯತಿರಾಜ, ಕೆಳಗೆ "ಮೊದಲು". ಬಲಕ್ಕೆ, ಕೌಂಟರಿನ ಹಿಂದೆ ಹಲ್ಲು ಬಿಟ್ಟು ನಿಂತ ಕಾಫಿಬೀಜ ಯತಿರಾಜ, ಕೆಳಗೆ "ಆಮೇಲೆ". ಎರಡರ ನಡುವೆ ಬಂಗಾರದ ಅಕ್ಷರದಲ್ಲಿ "ನಮ್ಮ ನಾಲ್ಕನೇ ಮಂಚ!"

ಅವನು ಮಳೆಯಲ್ಲೇ ನಿಂತು ಬಲಗಡೆಯ ಫೋಟೋವನ್ನು ಬಹಳ ಹೊತ್ತು ನೋಡಿದ. ತೆಗೆಸಿಬಿಡಬೇಕೆಂದು ಬಾಗಿಲು ತಳ್ಳಿದ. ಒಳಗೆ ಫ್ರೌ ಕೆಸ್ಲರ್ "ಹೇಗಿದೆ?" ಎಂದಳು. ಅವನು ಏನೆಂದಿರಬಹುದು ಎಂಬುದನ್ನು ಬರೆಯಬೇಕಾಗಿಲ್ಲ.

ಬೊಬ್ಲಿಂಗೆನ್ ಮೈಕೊಡವಿ ಎದ್ದಿತು. ಬ್ಯಾಂಕಿನವರು ಬಂದರು, ದಂತವೈದ್ಯೆ ಬಂದಳು, ಚಳಿಗಾಲದಲ್ಲಿ ಸ್ಪೇನಿನ ದ್ವೀಪಕ್ಕೆ ಹೋಗುವ ಅಜ್ಜಿಯರ ತಂಡವೇ ಬಂತು. ಒಂದು, ಎರಡು, ಮೂರನೇ ಮಂಚಗಳು ವಿಧವೆಯರಂತೆ ಕತ್ತಲಲ್ಲಿ ಬಿದ್ದವು. ಎಲ್ಲರಿಗೂ ನಾಲ್ಕನೆಯದೇ ಬೇಕು. "ಹೆರ್ ಯತಿರಾಜ್, ಹಣೆಗೆ ಏನು ಹಚ್ಚಿದ್ರಿ?" "ಕಿವಿಯ ಹಿಂದೆ ಹೇಗೆ ಇಷ್ಟು ಸಮನಾಗಿ ಬಂತು?" ಎಂದು ದಂತವೈದ್ಯೆ ಅವನ ಕಿವಿ ಹಿಡಿದು ಪರೀಕ್ಷಿಸಿ, "ಅದ್ಭುತ ಕೆಲಸ!" ಎಂದಳು. ಹೆತ್ತ ತಾಯಿಯೂ ಅಷ್ಟು ಮಮತೆಯಿಂದ ಅವನ ಕಿವಿ ನೋಡಿರಲಿಲ್ಲ.

ಹೆರ್ ಬ್ಯೋಕ್ಲೆ ಎಂಬ ರಿಟೈರ್ಡ್ ಪೋಸ್ಟ್‌ಮ್ಯಾನ್ ಮಾತ್ರ ಹಟಕ್ಕೆ ಬಿದ್ದ. ಹಾಲಿನಂಥ ಮನುಷ್ಯ. ಯತಿರಾಜ ಎಷ್ಟು ಬೇಡವೆಂದರೂ, ಅವನಿಲ್ಲದ ಹೊತ್ತು ನೋಡಿ ಬಂದು ಮಲಗಿದ. ಬೀಟ್‌ರೂಟಿನ ಬಣ್ಣಕ್ಕೆ ಬಂದು ಅಲ್ಲಿಗೇ ನಿಂತ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ದಿನಾ ಗಾಜಿನ ಹೊರಗೆ ನಿಂತು ಒಮ್ಮೆ "ಆಮೇಲೆ"ಯನ್ನೂ ಒಮ್ಮೆ ತನ್ನ ತೋಳನ್ನೂ ನೋಡಿಕೊಳ್ಳುತ್ತಿದ್ದ. ಕೊನೆಗೊಂದು ದಿನ, "ನಾನು ಕಚೇರಿಗೆ ದೂರು ಕೊಡ್ತೀನಿ" ಎಂದು ಹೇಳಿ ಹೊರಟುಹೋದ. ಜರ್ಮನಿಯಲ್ಲಿ ಇದು ಬೆದರಿಕೆಯಲ್ಲ, ದಿನಚರಿ.

ಅಷ್ಟರಲ್ಲಿ ಪಕ್ಕದ ಊರು ಸಿಂಡೆಲ್‌ಫಿಂಗೆನ್ನಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಅವನ ಗೆಳೆಯ ಹಸ್ನೈನ್ ರೈಲಿಗೆ ಓಡುವಾಗ ಪೋಸ್ಟರ್ ನೋಡಿದ, ಫೋಟೋ ಹೊಡೆದ, ಕನ್ನಡ ಕೂಟದ ಗ್ರೂಪಿಗೆ ಹಾಕಿದ. "ಮಗಾ, ನೀನು ಬೊಬ್ಲಿಂಗೆನ್ ಸ್ಟಾರ್ ಆಗೋಗಿದೀಯ!" ಅಷ್ಟೇ ಬರೆದದ್ದು. ಫೋಟೋ ಕೂಟದಿಂದ ಕುಟುಂಬಗಳಿಗೆ, ಕುಟುಂಬಗಳಿಂದ ಕರ್ನಾಟಕಕ್ಕೆ ಹಾರಿ, ಸಂಜೆಯೊಳಗೆ ಹಾಸನದಲ್ಲಿ ದೇವೀರಮ್ಮನವರ ಅಂಗೈಗೆ ಬಂದು ಕೂತಿತು.

ಆಕೆಗೆ ಜರ್ಮನ್ ಬಾರದು. ಬರಬೇಕಾಗಿಯೂ ಇರಲಿಲ್ಲ. ಅಳಿಯ ಚರ್ಮದ ಬಣ್ಣ ಬದಲಾಯಿಸುವ ಸೆಂಟರಿನಲ್ಲಿದ್ದಾನೆ ಎಂದು ಮೊದಲೇ ಗೊತ್ತಿತ್ತು. ಈಗ ನೋಡಿದರೆ ಒಂದು ಕಪ್ಪು ಮುಖ, ಒಂದು ಬಿಳಿ ಮುಖ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ ಹಾಸನ ಜಿಲ್ಲೆಯಲ್ಲಿ ಒಬ್ಬರಿಗೂ ಹುಟ್ಟಲಿಲ್ಲ. ಬೆಳ್ಳಗಿರುವವನು ದುಡ್ಡು ಕೊಟ್ಟು ಕಪ್ಪಗಾಗುತ್ತಾನೆಂದರೆ ನಂಬಲು ಹಾಸನದವರೇನು ಹುಚ್ಚರೇ?

"ಸ್ಮಿತಾ!" ಎಂದು ಆಕೆ ಫೋನಿನಲ್ಲಿ ಕೂಗಿದರು. "ಅಳಿಯಂದಿರು ಕಡೆಗೂ ಬೆಳ್ಳಗಾದ್ರಂತಲ್ಲೇ! ಸ್ಟುಡಿಯೋದವನು ಮಾಡಿದ ಹಾಗೇ ಥೇಟ್! ಒಂದು ಮಾತು ಹೇಳ್ಬಾರ್ದಾ?"

"ಅಮ್ಮಾ, ಅದು ಹಾಗಲ್ಲ, ಅದು ಉಲ್ಟಾ..."

"ಉಲ್ಟಾನೋ ಸುಲ್ಟಾನೋ, ಹೇಗ್ ಮಲಗಿಸಿದ್ರೂ ಸೈ. ನಮ್ಮ ಕೀರ್ತಿನ ಮೊನ್ನೆ ಮತ್ತೆ ನೋಡ್ಕೊಂಡು ಹೋದರು. ಬಣ್ಣ ಆಗಲ್ಲ ಅಂದ್ರು. ನಾನು ಹೇಗೂ ಮುಂದಿನ ವಾರ ಬರ್ತಿದೀನಲ್ಲ, ಮೆಷಿನ್ ನೋಡ್ತೀನಿ. ಆಮೇಲೆ ಅವಳಿಗೂ ವೀಸಾ ಮಾಡಿಸ್ರಿ."

ಕೀರ್ತಿ ದೇವೀರಮ್ಮನವರ ತಂಗಿಯ ಮಗಳು. ಎಂ.ಎಸ್ಸಿ. ಓದಿದವಳು, ಕಾಲೇಜಿನಲ್ಲಿ ಪಾಠ ಹೇಳುವವಳು. ಉಪ್ಪಿಟ್ಟು ತಿಂದು ಎದ್ದುಹೋದವರನ್ನು ಅವಳು ಎಣಿಸುವುದನ್ನು ಬಿಟ್ಟಿದ್ದಳು, ಅವಳ ಮನೆಯವರು ಬಿಟ್ಟಿರಲಿಲ್ಲ.

ಸ್ಮಿತಾ ಫೋನಿಟ್ಟು ಗಂಡನನ್ನು ನೋಡಿದಳು. "ಯತಿ, ನಾಳೇನೇ ಆ ಪೋಸ್ಟರ್ ತೆಗೆಸ್ತೀಯ. ಆಯ್ತಾ?"

"ಆಯ್ತು."

"ಕೆಸ್ಲರ್‌ಗೆ ಹೇಳ್ತೀಯ?"

"ಹೇಳ್ತೀನಿ. ಮುಂದಿನ ಶನಿವಾರಕ್ಕೆ ಪ್ರೊಬೇಷನ್ ಮುಗಿಯತ್ತೆ ಸ್ಮಿತಾ. ಅದೊಂದು ಆಗ್ಲಿ."

"ನಿನ್ನ ಮುಖ ಕಣೋ ಅದು!"

"ಹೌದು" ಎಂದ ಯತಿರಾಜ, ಸಾರಿಗೆ ಒಗ್ಗರಣೆ ಹಾಕುತ್ತ. ಯಾವ ಮುಖಕ್ಕೆ ಹೌದೆಂದನೋ ಒಗ್ಗರಣೆಯ ಸದ್ದಿನಲ್ಲಿ ತಿಳಿಯಲಿಲ್ಲ.

ದೇವೀರಮ್ಮ ಬಂದಿಳಿದರು. ಸ್ಟುಟ್‌ಗಾರ್ಟ್ ಏರ್‌ಪೋರ್ಟಿನಲ್ಲಿ ಯತಿರಾಜ ಹೂಗುಚ್ಛ ಹಿಡಿದು ಮುಂದೆ ಬಂದರೆ, ಆಕೆ ಅವನ ಹೆಗಲ ಮೇಲಿಂದ ಹಿಂದೆ ಹುಡುಕಿದರು. "ಅಳಿಯಂದಿರೆಲ್ಲಿ?" ಆಮೇಲೆ ಗುರುತು ಹತ್ತಿ, ಅವನ ಕೆನ್ನೆ ಮುಟ್ಟಿ, ಸಂಕಟಪಟ್ಟರು. "ಅಯ್ಯೋ, ಮತ್ತೆ ಇಳಿದುಹೋಯ್ತಾ? ಅದಕ್ಕೇ ಹೇಳೋದು, ಚಿಕಿತ್ಸೆ ಮಧ್ಯದಲ್ಲಿ ಬಿಡಬಾರ್ದು ಅಂತ. ಒಗ್ಗರಣೆ ಹೊಗೆಗೆ ಹೋಗಿರತ್ತೆ. ಇನ್ಮೇಲೆ ಅಡುಗೆ ನಾನು ಮಾಡ್ತೀನಿ." ಸೂಟ್‌ಕೇಸಿನ ತುಂಬ ಅಳಿಯನಿಗೆಂದೇ ಹುರಿಗಾಳು, ಚಟ್ನಿಪುಡಿ, ಕೋಡುಬಳೆ. ಬಣ್ಣವೊಂದು ಬಿಟ್ಟರೆ ಅಳಿಯನ ಯಾವ ಅಂಶದ ಮೇಲೂ ಆಕೆಗೆ ತಕರಾರಿರಲಿಲ್ಲ. ಪ್ರೀತಿಗೇನೂ ಕೊರತೆಯಿಲ್ಲದ ಜನ ನಾವು. ಮುಖಕ್ಕೆ ಸುಣ್ಣ ಬಳಿಯುವುದೂ ಪ್ರೀತಿಯಿಂದಲೇ.

ಇತ್ತ ಕನ್ನಡ ಕೂಟದ ಅಧ್ಯಕ್ಷ ರವಿಶಂಕರ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದ. ರಾಜ್ಯೋತ್ಸವದ ನಾಟಕದಲ್ಲಿ ಮನ್ಮಥನ ಪಾತ್ರವನ್ನು ಅಧ್ಯಕ್ಷರ ಅಧಿಕಾರದಿಂದ ತನಗೇ ಕೊಟ್ಟುಕೊಂಡಿದ್ದ. ವಯಸ್ಸು ಐವತ್ತು ದಾಟಿತ್ತು, ಅದನ್ನು ವಿಗ್ಗು ನೋಡಿಕೊಳ್ಳುತ್ತದೆ. ಬಣ್ಣಕ್ಕೇನು ಮಾಡುವುದು? ಗ್ರೂಪಿನಲ್ಲಿ ಫೋಟೋ ಕಂಡಿತು. ಹಾಸನದವರು ಓದಿಕೊಂಡ ಹಾಗೆಯೇ ಅವನೂ ಓದಿಕೊಂಡ. ಇಪ್ಪತ್ತು ವರ್ಷದ ಜರ್ಮನ್ ಈ ವಿಷಯದಲ್ಲಿ ಅವನ ನೆರವಿಗೆ ಬರಲಿಲ್ಲ. ಯತಿರಾಜನ ರಜೆಯ ದಿನ ನೋಡಿ, ಟೋಪಿ ಮಫ್ಲರಿನಲ್ಲಿ ಹೋಗಿ, ಫ್ರೌ ಕೆಸ್ಲರ್‌ಳಿಂದಲೇ ಕಾರ್ಡು ಕೊಂಡು, ನಾಲ್ಕನೇ ಮಂಚದಲ್ಲಿ ಮಲಗಿದ. ಫಲ ಕಾಣಲಿಲ್ಲ. ಸಾಲದೇನೋ ಎಂದು ಇನ್ನಷ್ಟು ಸಲ ಮಲಗಿದ.

ಶನಿವಾರ ಬಂತು. ಫ್ರೌ ಕೆಸ್ಲರ್ ಕಾಯಂ ಕೆಲಸದ ಕಾಗದವನ್ನು ಕೌಂಟರಿನ ಮೇಲಿಟ್ಟು ಪೆನ್ನು ಹುಡುಕುತ್ತಿದ್ದಳು. ಬಾಗಿಲು ತೆರೆಯಿತು. ದೇವೀರಮ್ಮ, ರೇಷ್ಮೆಸೀರೆಯ ಮೇಲೆ ಮಗಳ ಜರ್ಕಿನ್ ತೊಟ್ಟು, ಕೈಯಲ್ಲಿ ಅಳಿಯನ ಊಟದ ಡಬ್ಬಿ ಹಿಡಿದು ಒಳಬಂದರು. ಹಿಂದೆ ತಡೆಯಲಾಗದೆ ಸೋತ ಸ್ಮಿತಾ. ದೇವೀರಮ್ಮನ ಇನ್ನೊಂದು ಕೈಯಲ್ಲಿ ಮೊಬೈಲು, ಮೊಬೈಲಿನೊಳಗೆ ಕೀರ್ತಿ.

"ನೋಡೇ ಕೀರ್ತಿ, ಇದೇ ಅಂಗಡಿ. ಅಳಿಯಂದಿರೇ, ಮಂಚ ಎಲ್ಲಿ? ತೋರಿಸಿ."

"ಅತ್ತೆ, ಊಟ ಆಯ್ತಾ?" ಎಂದ ಯತಿರಾಜ.

ಅಷ್ಟರಲ್ಲಿ ಬಾಗಿಲು ಧಡಾರನೆ ಬಡಿದು ರವಿಶಂಕರ ನುಗ್ಗಿದ. ಮಫ್ಲರ್ ಕಿತ್ತೆಸೆದ. ಮುಖ ಎಣ್ಣೆ ಹಚ್ಚಿದ ಕಾವಲಿಯಂತೆ ಫಳಫಳ ಹೊಳೆಯುತ್ತಿತ್ತು. ಕಣ್ಣಿನ ಸುತ್ತ ಮಾತ್ರ ಕನ್ನಡಕದ ಗುರುತು, ಎರಡು ಬಿಳಿ ಉಂಗುರ.

"ಏನ್ ಗುರು ಇದು? ನೋಡು ನನ್ನ ಮುಖಾನ! ಮೆಷಿನ್ ಉಲ್ಟಾ ಓಡಿಸ್ತಿದೀರಾ ನೀವು!"

"ಸಾರ್, ನೀವು... ಇಲ್ಲಿ?"

"ನಿನ್ನೆ ಪ್ರಾಕ್ಟೀಸಲ್ಲಿ ನನ್ನನ್ನ ಮನ್ಮಥನ ಪಾರ್ಟಿಂದ ತೆಗೆದ್ರು ಕಣಯ್ಯಾ. ಅಧ್ಯಕ್ಷನ್ನ! ಈಗ ಯಮಧರ್ಮ ಮಾಡಿದಾರೆ. ಅದೂ ಮೇಕಪ್ ಖರ್ಚಿಲ್ಲ ಅಂತ!"

"ತುಂಬಾ ಚೆನ್ನಾಗಿ ಕಪ್ಪಾಗಿದ್ದೀರಿ" ಎಂದುಬಿಟ್ಟ ಯತಿರಾಜ, ಕಸುಬಿನ ಅಭ್ಯಾಸಬಲದಿಂದ.

ರವಿಶಂಕರ ಅವನ ಕಾಲರಿಗೆ ಕೈಹಾಕುವಷ್ಟರಲ್ಲಿ ಮೂರನೇ ಸಲ ಬಾಗಿಲು ತೆರೆಯಿತು, ಈ ಸಲ ಬಹಳ ಮೆಲ್ಲಗೆ. ಬೀಟ್‌ರೂಟ್ ಬ್ಯೋಕ್ಲೆ. ಅವನ ಜೊತೆಗೆ ಹೆಗಲಿಗೆ ಚೀಲ ಹಾಕಿದ, ಕಡ್ಡಿಯಂಥ ಒಬ್ಬ ಅಧಿಕಾರಿ. ಅಂಗಡಿಗಳ ತಪಾಸಣೆಯವನು, ಹೆಸರು ಹೆರ್ ಷ್ಟೋಲ್. ಎಲ್ಲರಿಗೂ ಶುಭದಿನ ಕೋರಿದ, ಯಮಧರ್ಮನಿಗೂ. ಮತ್ತೆ ಬಾಗಿಲು ತೆರೆದಿಟ್ಟು ಹೊರಗೆ ಗಾಜಿನ ಮುಂದೆ ನಿಂತ.

"ಎಡಗಡೆ ಇರೋರು ಯಾರು?"

"ಇವರೇ" ಎಂದಳು ಫ್ರೌ ಕೆಸ್ಲರ್.

"ಬಲಗಡೆ?"

"ಇವರೇ."

"ನಡುವೆ ಏನಾಯ್ತು?"

"ನಾಲ್ಕನೇ ಮಂಚ."

ಹೆರ್ ಷ್ಟೋಲ್ ಕನ್ನಡಕ ಮೂಗಿನ ತುದಿಗೆ ಇಳಿಸಿ ಎಡಗಡೆಯ ಫೋಟೋಕ್ಕೆ ಮೂಗು ತಾಗುವಂತೆ ಬಗ್ಗಿದ. "ಮುಖ ಬಿಳಿ. ತೆಂಗಿನಕಾಯಿ ಹಿಡಿದಿರೋ ಕೈ?"

"ಕೈಗೆ ಬಿಸಿಲು ಬೇಗ ಹತ್ತುತ್ತೆ" ಎಂದಳು ಫ್ರೌ ಕೆಸ್ಲರ್. ದನಿ ಮಾತ್ರ ಅಷ್ಟು ಗಟ್ಟಿಯಿರಲಿಲ್ಲ.

ಹೆರ್ ಷ್ಟೋಲ್ ಯತಿರಾಜನತ್ತ ತಿರುಗಿದ. "ಈ ಎಡಗಡೆಯ ಫೋಟೋ ನಿಜವೇ?"

"ಏನಂತೆ ಸ್ಮಿತಾ?" ಎಂದರು ದೇವೀರಮ್ಮ.

"ಆ ಬೆಳ್ಳಗಿರೋ ಫೋಟೋ ನಿಜವಾ ಅಂತ ಕೇಳ್ತಿದಾರೆ ಅಮ್ಮಾ."

ದೇವೀರಮ್ಮ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಫ್ರೌ ಕೆಸ್ಲರ್ ಕಾಯಂ ಕಾಗದದ ಮೇಲೆ ಅಂಗೈ ಊರಿದಳು. ಯತಿರಾಜ ಬಾಯಿ ತೆರೆದ. "ಗೆ..." ಎಂಬಷ್ಟು ಹೊರಗೆ ಬಂದೂ ಆಗಿತ್ತು.

"ಭಾವ" ಎಂದಿತು ಮೊಬೈಲು. "ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ. ಮಲಗಿದ್ರೆ ನಿಜವಾಗ್ಲೂ ಆಗತ್ತಾ ಭಾವ? ಆಗತ್ತೆ ಅಂದ್ರೆ ಹೇಳಿಬಿಡಿ, ಕೆಲಸಕ್ಕೆ ರಜಾ ಹಾಕ್ಬೇಕು."

ಯತಿರಾಜ ಬಾಯಿ ಮುಚ್ಚಿದ. ಮೊಬೈಲನ್ನು ನೋಡಿದ, ಅಧಿಕಾರಿಯನ್ನು ನೋಡಿದ. ಮೊದಲು ಕನ್ನಡದಲ್ಲಿ, ಆಮೇಲೆ ಕ್ಲಾಸಿನಲ್ಲಿ ಕಲಿತಷ್ಟು ಜರ್ಮನ್‌ನಲ್ಲಿ ಹೇಳಿದ. "ಆಗಲ್ಲ ಕೀರ್ತಿ. ಎಡಗಡೆಯದು ಕಂಪ್ಯೂಟರಲ್ಲಿ ಬಳಿದಿದ್ದು. ನಾನು ಹುಟ್ಟಿದಾಗಿಂದ ಬಲಗಡೆಯವನೇ. ಮಂಚದಲ್ಲಿ ಒಂದು ದಿನಾನೂ ಮಲಗಿಲ್ಲ, ಬರೀ ಒರೆಸಿದೀನಿ."

ಹೆರ್ ಬ್ಯೋಕ್ಲೆ ತನ್ನ ತೋಳನ್ನು ನೋಡಿಕೊಂಡ.

"ಬಳಿದದ್ದಾ? ಯಾಕೆ?" ಎಂದ ಹೆರ್ ಷ್ಟೋಲ್. ಸ್ಮಿತಾ ಕನ್ನಡಕ್ಕೆ ತಿರುಗಿಸಿದಳು. ದೇವೀರಮ್ಮ ಸಿಡಿದರು.

"ಯಾಕೆ ಅಂದ್ರೆ? ಮದುವೆ ಫೋಟೋ ಅಂದ್ಮೇಲೆ ಮಾಡ್ತಾರಪ್ಪ! ನನ್ನ ಮದುವೇಲಿ ನನಗೂ ಮಾಡಿದ್ರು. ಆಗೇನು ಕಂಪ್ಯೂಟರಾ, ಪೌಡರ್ರು! ನಮ್ಮತ್ತೆ ಡಬ್ಬಿಗಟ್ಲೆ ಸುರಿದಿದ್ರು. ಸೀನಿ ಸೀನಿ ತಾಳಿ ಕಟ್ಟಿಸ್ಕೊಂಡೆ. ಹೇಳೇ ಇವನಿಗೆ!"

ಸ್ಮಿತಾ ಹೇಳಿದಳು. ಹೆರ್ ಷ್ಟೋಲ್ ದೇವೀರಮ್ಮನವರನ್ನು ನೋಡಿದ. ಅವರದೂ ಅಳಿಯನದೇ ಬಣ್ಣ, ಒಂದೆಳೆ ಹೆಚ್ಚೇ. "ಇವರಿಗೆ ಯಾಕೆ ಮಾಡಬೇಕಿತ್ತು?" ಎಂದು ಕೇಳಿದ. ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ. ಸ್ಮಿತಾ ಅದನ್ನೂ ತಿರುಗಿಸಿದಳು. ದೇವೀರಮ್ಮ ಡಬ್ಬಿ ಹಿಡಿದ ತಮ್ಮ ಕೈಯನ್ನೇ ನೋಡಿಕೊಂಡರು. ಇಂಥ ಸರಳ ಪ್ರಶ್ನೆಯನ್ನು ಅಷ್ಟು ವರ್ಷಗಳಲ್ಲಿ ಅವರಿಗೆ ಯಾರೂ ಕೇಳಿರಲಿಲ್ಲ.

"ಜಾಹೀರಾತು ಸುಳ್ಳು. ತೆಗೀಬೇಕು" ಎಂದ ಹೆರ್ ಷ್ಟೋಲ್.

ಯತಿರಾಜ ಕೂಡಲೇ ಹೊರಗೆ ಹೋಗಿ ಖೋವಾ ಯತಿರಾಜನನ್ನು ಗಾಜಿನಿಂದ ಸುಲಿದ. "ಮೊದಲು" ಎಂಬುದನ್ನು ಸುಲಿದ. ಬಂಗಾರದ ನಾಲ್ಕನೇ ಮಂಚವನ್ನು ಉಗುರಿನಿಂದ ಕೆರೆದು ಸುಲಿದ. "ಆಮೇಲೆ" ಎಂಬುದನ್ನೂ ಸುಲಿದ. ಗಾಜಿನ ಮೇಲೆ ಈಗ ಹಲ್ಲು ಬಿಟ್ಟು ನಿಂತ ಒಬ್ಬ ಕಪ್ಪು ಮನುಷ್ಯ ಮಾತ್ರ ಉಳಿದ. ಅವನ ಕೆಳಗೆ ಏನೂ ಬರೆದಿರಲಿಲ್ಲ.

"ಅದೂ" ಎಂದ ಹೆರ್ ಷ್ಟೋಲ್.

"ಇದು ಸುಳ್ಳಲ್ಲ. ಇದು ನಾನು."

"ನಿಯಮದ ಪ್ರಕಾರ ಇಡೀ ಪೋಸ್ಟರ್ ತೆಗೀಬೇಕು."

"ನೈನ್" ಎಂದ ಯತಿರಾಜ. ಎಂದರೆ, ಆಗುವುದಿಲ್ಲ. ಹೇಳಿದವನೇ ಬೆಚ್ಚಿ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಹೇಳಿದರೇನೋ ಎಂಬಂತೆ.

"ಹೆರ್ ಯತಿರಾಜ್!" ಫ್ರೌ ಕೆಸ್ಲರ್ ಕಾಯಂ ಕಾಗದವನ್ನು ಎತ್ತಿ ಹಿಡಿದಳು. "ಅದನ್ನ ತೆಗೀರಿ, ಇದಕ್ಕೆ ಸಹಿ ಹಾಕ್ತೀನಿ. ತೆಗೀದಿದ್ರೆ..."

"ನೈನ್, ಫ್ರೌ ಕೆಸ್ಲರ್." ಎರಡನೆಯದು ಸಲೀಸಾಗಿ ಬಂತು.

ದೇವೀರಮ್ಮ ಮುಂದೆ ಬಂದು ಅಳಿಯನ ತೋಳು ಹಿಡಿದರು. ದನಿ ಮೆತ್ತಗಾಗಿತ್ತು. "ತೆಗೆದುಬಿಡಿ ಅಳಿಯಂದಿರೇ. ಕೆಲಸ ಹೋಗತ್ತೆ. ನೀವು ಒಳಗೆ ಬನ್ನಿ, ಊಟ ಮಾಡಿ. ನಾನೇ ತೆಗೀತೀನಿ ಬೇಕಾದ್ರೆ, ಸರೀರಿ."

ಚಳಿಗೆ ಫೋಟೋದ ಮೇಲಿನ ಮೂಲೆ ಅಂಟು ಬಿಟ್ಟು ಮಡಚಿಕೊಂಡಿತ್ತು. ಯತಿರಾಜ ಅದನ್ನು ಹೆಬ್ಬೆರಳಿನಿಂದ ಒತ್ತಿ ಸರಿಯಾಗಿ ಕೂರಿಸಿದ. ಕೈ ಅಲ್ಲೇ ಇಟ್ಟುಕೊಂಡು ನಿಂತ.

"ಇಲ್ಲ ಅತ್ತೆ" ಎಂದ. "ಇರ್ಲಿ."